ಕಣ್ಣಿನ ಕಂದು, ಕುರುಡು ಕಂದು

ನಾನು ಹುಟ್ಟಿ ಆಗ ಮೂರು ವಾರವಾಗಿತ್ತಂತೆ. ಅತ್ತೆ ತೊಟ್ಟಿಲ ಮೇಲೆ ಬಗ್ಗಿ, ನನ್ನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಹಣೆ ನೋಡಿದಳು, ಗಲ್ಲ ನೋಡಿದಳು, ಮುಷ್ಟಿ ಬಿಡಿಸಿ ಕಿರುಬೆರಳು ನೋಡಿದಳು. ಆಮೇಲೆ ನೆಟ್ಟಗೆ ನಿಂತು, "ಇದು ನಮ್ಮ ಅಚ್ಚಲ್ಲ" ಅಂದಳು.

ಅತ್ತೆ ಅಂದರೆ ಅಪ್ಪನ ತಂಗಿ. ಅಪ್ಪನ ಕಡೆಯವರಿಗೆಲ್ಲ ಮೂರು ಗುರುತುಗಳುಂಟು: ಕೂಡುಹುಬ್ಬು, ಗಲ್ಲದಲ್ಲೊಂದು ಕುಳಿ, ಒಳಕ್ಕೆ ಬಾಗಿದ ಕಿರುಬೆರಳು. ನನಗಿಂತ ನಾಲ್ಕು ವರ್ಷ ಮೊದಲು ಹುಟ್ಟಿದ ಅಣ್ಣ ಮೂರನ್ನೂ ಹೊತ್ತುಕೊಂಡೇ ಬಂದಿದ್ದ. ನನ್ನಲ್ಲಿ ಒಂದೂ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದೆ ಅನ್ನುವುದು ಅತ್ತೆಯ ಲೆಕ್ಕ. ಮೂರು ವಾರದ ಬಾಣಂತಿಯ ಕಿವಿಗೆ ಅದು ಹೇಗೆ ಬಿದ್ದಿತು ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ನಕ್ಕುಬಿಟ್ಟ. ತಮಾಷೆ ಅಂದುಕೊಂಡು ನಕ್ಕೆ ಅಂತ ಇವತ್ತಿಗೂ ಹೇಳುತ್ತಾನೆ. ಆ ನಗುವನ್ನು ಅಮ್ಮ ಮೂರು ತಿಂಗಳಲ್ಲಿ ಹೊಟ್ಟೆಗೆ ಹಾಕಿಕೊಂಡಳು. ಅತ್ತೆಯ ಮಾತನ್ನು ಹತ್ತೊಂಬತ್ತು ವರ್ಷವಾದರೂ ಹಾಕಿಕೊಳ್ಳಲಿಲ್ಲ.

ಜಗಳ ಮಾಡಿಕೊಂಡು ದೂರ ಹೋಗುವಷ್ಟು ಅನುಕೂಲ ಯಾರಿಗೂ ಇರಲಿಲ್ಲ. ತಾತ ಕಟ್ಟಿಸಿದ ಎರಡಂತಸ್ತಿನ ಮನೆ. ಕೆಳಗೆ ನಾವು, ಮೇಲೆ ಅತ್ತೆ ಒಬ್ಬಳೇ. ನೀರಿನ ಮೋಟರಿನ ಸ್ವಿಚ್ಚು ನಮ್ಮ ಅಡುಗೆಮನೆಯಲ್ಲಿ, ತೊಟ್ಟಿ ಅತ್ತೆಯ ತಲೆಯ ಮೇಲೆ. ತೊಟ್ಟಿ ತುಂಬಿದ್ದು ಅತ್ತೆಗೆ ಮಾತ್ರ ಗೊತ್ತಾಗುತ್ತದೆ, ಮೋಟರು ನಿಲ್ಲಿಸುವುದು ಅಮ್ಮನಿಗೆ ಮಾತ್ರ ಸಾಧ್ಯ. ಮಾತು ನಿಂತ ಮೇಲೆ ಇಬ್ಬರೂ ಸೇರಿ, ಅಂದರೆ ಸೇರದೆಯೇ, ಕೊಳವೆಯ ಮೇಲೆ ಚಮಚದಿಂದ ಬಡಿಯುವ ಉಪಾಯ ಕಂಡುಕೊಂಡರು. ಒಂದು ಏಟು ಅಂದರೆ ನೀರು ಬಿಡು. ಎರಡು ಏಟು ಅಂದರೆ ತುಂಬಿತು, ನಿಲ್ಲಿಸು. ಅತ್ತಿಗೆ ನಾದಿನಿಯರ ನಡುವೆ ಅಷ್ಟು ವರ್ಷ ನಡೆದ ಮಾತುಕತೆ ಇಷ್ಟೇ. ಒಂದು ಹನಿ ನೀರೂ ಚೆಲ್ಲಲಿಲ್ಲ ಅನ್ನುವುದನ್ನೂ ಹೇಳಬೇಕು.

ನಡುವೆ ಅಪ್ಪ ಇದ್ದ. ಅವನ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. "ಅವಳೂ ಬೇಕು ಅಂತ ಅಂದಿಲ್ಲ, ನೀನೂ ಬೇಕು ಅಂತ ಮಾತು ಬಿಟ್ಟಿಲ್ಲ" ಅಂದು ಪತ್ರಿಕೆಯ ಹಿಂದೆ ಹೋಗಿಬಿಡುತ್ತಿದ್ದ. ಎರಡು ಸಲ ಮಾತ್ರ, ಅಜ್ಜಿಯ ಕಾಲದ ಹೊಲಿಗೆ ಯಂತ್ರವನ್ನು ಮೇಲಿಂದ ಹೊತ್ತುಕೊಂಡು ಬಂದು ನಮ್ಮ ಜಗಲಿಯಲ್ಲಿ ಇಟ್ಟ. ಎರಡು ಸಲವೂ ಅಮ್ಮ, "ಇದು ಯಾಕೆ ಇಲ್ಲಿ?" ಅಂದಳು. ಎರಡು ಸಲವೂ ಅಪ್ಪ ಏದುಸಿರು ಬಿಡುತ್ತಾ ಅದನ್ನು ವಾಪಸ್ಸು ಹೊತ್ತುಕೊಂಡು ಹೋದ.

ಅತ್ತೆಯ ಕೆಲಸ ಬಟ್ಟೆ ಅಚ್ಚು ಹಾಕುವ ಗಿರಣಿಯಲ್ಲಿ, ತಪಾಸಣೆಯ ಮೇಜಿನ ಮುಂದೆ. ಇಳಿಜಾರಾದ ಗಾಜಿನ ಮೇಜು, ಅದರ ಕೆಳಗೆ ದೀಪ. ಮೇಲೆ ಪರದೆಯ ಬಟ್ಟೆ, ಹಾಸಿಗೆಯ ಬಟ್ಟೆ ಹರಿಯುತ್ತಲೇ ಇರುತ್ತದೆ. ತಪ್ಪು ಕಂಡಲ್ಲಿ ಮೇಜು ನಿಲ್ಲಿಸಿ, ಬಟ್ಟೆಯ ಅಂಚಿಗೆ ಒಂದು ಕೆಂಪು ದಾರ ಕಟ್ಟಬೇಕು. ದಾರ ಬಿದ್ದ ಬಟ್ಟೆ ಬಿ ದರ್ಜೆ. ಗಿರಣಿಯಲ್ಲಿ ಅವಳಿಗೆ ಕೆಂಪುದಾರ ಅಂತಲೇ ಹೆಸರು. ಮೊಸರಲ್ಲಿ ಕಲ್ಲು ಹುಡುಕುವವರಿಗೆ ಸಂಬಳ ಕೊಡುವ ಜಾಗ ಜಗತ್ತಿನಲ್ಲಿ ಎಲ್ಲೋ ಇರಲೇಬೇಕಲ್ಲ, ಅತ್ತೆಗೆ ಅದು ಸಿಕ್ಕಿತ್ತು.

ಅಲ್ಲಿ ಎರಡು ನಿಯಮಗಳಿದ್ದವು. ಒಂದು, ತಪ್ಪು ಒಂದೇ ಸಲ ಬಂದರೆ ಅದು ಧೂಳು. ಅಳತೆಗೆ ಸರಿಯಾಗಿ ಮತ್ತೆ ಮತ್ತೆ ಬಂದರೆ ಅದು ಅಚ್ಚು. ಇನ್ನೊಂದು, ಒಳ್ಳೆಯ ಬಟ್ಟೆಗೆ ದಾರ ಕಟ್ಟಿದ್ದು ಗೊತ್ತಾದರೆ ಕಟ್ಟಿದ ಕೈಯೇ ಬಿಚ್ಚಬೇಕು, ಅದೂ ಆ ಬಟ್ಟೆಯ ಅಚ್ಚು ಹಾಕಿದವರ ಕಣ್ಣೆದುರು. ಮೂವತ್ತೊಂದು ವರ್ಷದಲ್ಲಿ ಅತ್ತೆ ಒಂದು ದಾರವನ್ನೂ ಬಿಚ್ಚಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ನೀವು ನೋಡಿರುತ್ತೀರಿ. ಅತ್ತೆ ನಾಲ್ಕನೇ ಕಾಲಿಗೆ ಕೆಂಪು ದಾರ ಕಟ್ಟಿ ಕಳಿಸುವವಳು.

ಇಷ್ಟು ತಪ್ಪು ನೋಡಿದ ಕಣ್ಣು ಬಿಡುವಿನ ವೇಳೆಯಲ್ಲಿ ಏನು ಮಾಡಬೇಕು? ಗಿರಣಿಯ ಹಿಂದೆ ಲಂಟಾನದ ಬೇಲಿ. ನಮ್ಮದು ಸೆಖೆಯ ಸೀಮೆ. ಮನುಷ್ಯರು ಬಾಡುವ ಹೊತ್ತಿಗೆ ಚಿಟ್ಟೆಗಳಿಗೆ ಜೀವ ಬರುತ್ತದೆ. ಊಟದ ಅರ್ಧ ಗಂಟೆಯಲ್ಲಿ ಅತ್ತೆ ಅಲ್ಲಿ ನಿಂತು ರೆಕ್ಕೆಗಳನ್ನು ತಪಾಸಣೆ ಮಾಡತೊಡಗಿದಳು. ಗಿರಣಿಯವರು ಬಿಸಾಡಿದ ಹಳೆಯ ತಪ್ಪಿನ ರಿಜಿಸ್ಟರುಗಳಲ್ಲಿ ಒಂದೊಂದು ಚಿಟ್ಟೆಗೆ ಒಂದೊಂದು ಪುಟ. ಹೆಸರುಗಳೆಲ್ಲ ಅವಳವೇ: ಮಸಿಯಂಚು, ಸುಣ್ಣದ ಗೀಟು, ಹರಿದ ಜರಿ, ಜಾರಿದ ಅಚ್ಚು. ನನಗೆ ಹತ್ತೊಂಬತ್ತು ತುಂಬುವ ಹೊತ್ತಿಗೆ ಎಂಬತ್ತಾರು ಪುಟಗಳಾಗಿದ್ದವು.

ನಾನು ಏಳು ವರ್ಷದವಳಿದ್ದಾಗಿನಿಂದ ರಜೆಯ ದಿನ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಅಪ್ಪಟ ಅಚ್ಚಿನ ಅಣ್ಣನನ್ನೇ ಮೊದಲು ಕರೆದಿದ್ದಳು. ಅವನಿಗೆ ಚಿಟ್ಟೆಗೂ ಜಿರಲೆಗೂ ಇರುವ ವ್ಯತ್ಯಾಸ ಒಂದೇ, ಜಿರಲೆ ಮನೆಗೇ ಬರುತ್ತದೆ. ಹಾಗಾಗಿ ನನ್ನ ಸರದಿ ಬಂತು. ಅಮ್ಮ ತಡೆಯಲಿಲ್ಲ. "ಹೋಗೋದಾದ್ರೆ ಹೋಗು. ಅವಳ ಮಾತನ್ನ ಮಾತ್ರ ಮೆಟ್ಟಿಲು ಇಳಿಸಿಕೊಂಡು ಬರಬೇಡ" ಅಂದಳು.

"ಇದು ಯಾವುದು ಹೇಳು?" ಅತ್ತೆ ಕೇಳುವಳು. ಕಿತ್ತಳೆ ಬಣ್ಣ, ತುದಿಯಲ್ಲಿ ಕಪ್ಪು, ಕಪ್ಪಿನಲ್ಲಿ ಬಿಳಿ ಪಟ್ಟೆ.

"ಮೂರುಚುಕ್ಕೆ."

"ಎಣಿಸಿದ್ಯಾ? ಹಿಂದಿನ ರೆಕ್ಕೆ ನೋಡು. ಎಷ್ಟು ಚುಕ್ಕೆ?"

"ಒಂದೇ."

"ಹಂಗಾದ್ರೆ ಇದು ಕಳ್ಳಿ. ಮೂರುಚುಕ್ಕೆ ವಿಷ, ಹಕ್ಕಿ ಮುಟ್ಟಲ್ಲ. ಇವಳು ಅದರ ವೇಷ ಹಾಕ್ಕೊಂಡು ಬದುಕ್ತಾಳೆ. ಬಣ್ಣ ಕದ್ದಳು, ಪಟ್ಟೆ ಕದ್ದಳು, ಚುಕ್ಕೆ ಎಣಿಸೋದು ಮರೆತಳು. ಹಕ್ಕಿಗೆ ಎಣಿಸೋಕೆ ಬರಲ್ಲ ಅಂತ ಧೈರ್ಯ. ನನಗೆ ಬರುತ್ತಲ್ಲ!"

ಆ ಹೊತ್ತಿನಲ್ಲಿ ಅವಳ ಮೇಲೆ ನನಗೆ ಪ್ರೀತಿ ಉಕ್ಕುತ್ತಿತ್ತು, ಸುಳ್ಳು ಹೇಳಲಾರೆ. ಮನೆಗೆ ಬಂದ ಮೇಲೆ ಕನ್ನಡಿಯ ಮುಂದೆ ನಿಂತರೆ ಅಷ್ಟೇ ಕೋಪವೂ ಬರುತ್ತಿತ್ತು. ಎಂಟನೇ ವಯಸ್ಸಿನಲ್ಲಿ ಪೆನ್ಸಿಲ್ಲಿನಿಂದ ಎರಡು ಹುಬ್ಬನ್ನೂ ಕೂಡಿಸಿ ಶಾಲೆಗೆ ಹೋದೆ. ಒಂಬತ್ತನೆಯದರಲ್ಲಿ, ಕಿರುಬೆರಳು ಬಾಗಲಿ ಅಂತ ದಾರದಿಂದ ಬಿಗಿದು ಕಟ್ಟಿಕೊಂಡೆ. ಬೆರಳು ನೀಲಿಯಾಯಿತೇ ಹೊರತು ಬಾಗಲಿಲ್ಲ. ಅಮ್ಮ ನೋಡಿ, ಕತ್ತರಿ ತಂದು ದಾರ ಕತ್ತರಿಸಿದಳು. ಅತ್ತೆಗೆ ನನ್ನ ಮೇಲೆ ದ್ವೇಷವೇನೂ ಇರಲಿಲ್ಲ. ಬಿ ದರ್ಜೆಯ ಬಟ್ಟೆಯನ್ನು ಯಾರಾದರೂ ದ್ವೇಷಿಸುತ್ತಾರೆಯೇ? ಅದೇ ನನಗೆ ಸಹಿಸಲಾಗದ್ದು. ನನಗೆ ಬೇಕಾಗಿದ್ದದ್ದು ಒಂದೇ: ಆ ಮಾತನ್ನು ಆಡಿದ ಬಾಯಿಯೇ ಅದನ್ನು ವಾಪಸ್ಸು ತೆಗೆದುಕೊಳ್ಳಬೇಕು, ಅಮ್ಮನ ಎದುರಿಗೆ.

ಹತ್ತೊಂಬತ್ತಕ್ಕೆ ನಾನೂ ಅದೇ ಗಿರಣಿಗೆ ಸೇರಿದೆ, ಅಚ್ಚಾದ ಬಟ್ಟೆಯ ಬಣ್ಣ ಗಟ್ಟಿಯಾಗಲು ಆವಿ ಕೊಡುವ ವಿಭಾಗಕ್ಕೆ. ಆ ವರ್ಷವೇ ಊರಿನ ಉದ್ಯಾನದ ಬಾಗಿಲಲ್ಲಿ ಚಿಟ್ಟೆಗಳ ಒಂದು ದೊಡ್ಡ ಫಲಕ ಬಂತು. ಬರೆದವರು ನಿವೃತ್ತ ಪ್ರಾಣಿಶಾಸ್ತ್ರದ ಮೇಷ್ಟ್ರು. ಅತ್ತೆ ಫಲಕದ ಮುಂದೆ ಒಂದು ಗಂಟೆ ನಿಂತು ತಪ್ಪು ಹುಡುಕಿದಳು. ಸಿಕ್ಕಿತು.

ಸಂಜೆ ಹೊತ್ತು ಹುಲ್ಲಿನ ಬುಡದಲ್ಲಿ ಹಾರುವ ಒಂದು ಕಂದು ಚಿಟ್ಟೆ ಇದೆ. ರೆಕ್ಕೆ ಮಡಚಿ ಕೂತರೆ ಹೊರಗಡೆಗೆ ಹಳದಿ ಬಳೆ ತೊಟ್ಟ ಪುಟ್ಟ ಕಣ್ಣುಗಳ ಸಾಲು ಕಾಣುತ್ತದೆ. ಅದು ಅತ್ತೆಯ ನಲವತ್ತೊಂದನೇ ಪುಟ, ಕಣ್ಣಿನ ಕಂದು. ಅದೇ ಗಾತ್ರದ ಇನ್ನೊಂದಕ್ಕೆ ಕಣ್ಣೂ ಇಲ್ಲ ಬಳೆಯೂ ಇಲ್ಲ, ಒಣಗಿದ ಎಲೆಯ ಹಾಗೆ ಬೋಳು. ಅದು ನಲವತ್ತೆರಡು, ಕುರುಡು ಕಂದು. ಫಲಕದಲ್ಲಿ ಮೇಷ್ಟ್ರು ಎರಡರ ಚಿತ್ರವನ್ನೂ ಹಾಕಿ, ಕೆಳಗೆ ಒಂದೇ ಹೆಸರು ಬರೆದಿದ್ದರು. ಅತ್ತೆ ರಿಜಿಸ್ಟರು ಹಿಡಿದುಕೊಂಡು, ನನ್ನನ್ನೂ ಸಾಕ್ಷಿಗೆ ಎಳೆದುಕೊಂಡು, ಅವರ ಮನೆಗೇ ಹೋದಳು.

"ಹನ್ನೆರಡು ವರ್ಷದಿಂದ ನೋಡ್ತಿದ್ದೀನಿ. ಒಂದು ಸಲ ಬಂದ್ರೆ ಧೂಳು ಅನ್ನಬಹುದು. ಪ್ರತಿ ವರ್ಷ ಬರುತ್ತೆ. ಅಚ್ಚೇ ಬೇರೆ!"

ಮೇಷ್ಟ್ರು ರಿಜಿಸ್ಟರನ್ನು ಪುಟಪುಟವಾಗಿ ನೋಡಿದರು. ನಡುನಡುವೆ ತಲೆದೂಗಿದರು. ಆಮೇಲೆ ಮೆಲ್ಲಗೆ ಹೇಳಿದರು. "ಅಮ್ಮಾ, ರೆಕ್ಕೆ ನೋಡಿ ಹೆಸರು ಹೇಳಬಹುದು. ಯಾರ ಮಗು ಅಂತ ಹೇಳೋಕಾಗಲ್ಲ. ಒಂದೇ ತಾಯಿ ಮೊಟ್ಟೆ ತಗೊಳ್ಳಿ. ಅರ್ಧ ಬೆಚ್ಚಗಿರೋ ಕಡೆ ಸಾಕಿ, ಅರ್ಧ ತಣ್ಣಗಿರೋ ಕಡೆ ಸಾಕಿ. ಆಮೇಲೆ ಬನ್ನಿ, ನೀವು ಹೇಳಿದ ಹಾಗೆ ಫಲಕ ಬದಲಾಯಿಸೋಣ."

ಅತ್ತೆ ಒಪ್ಪಿದಳು. ಅವಳಿಗೆ ಕೇಳಿಸಿದ್ದು ಚಿಟ್ಟೆಯ ವಿಷಯ ಮಾತ್ರ. ನನಗೆ ಕೇಳಿಸಿದ್ದು ತೊಟ್ಟಿಲ ವಿಷಯ.

ಮಳೆ ಮುಗಿದು ಚಳಿ ಕಾಲಿಡುತ್ತಿದ್ದ ವಾರ, ಸಂಜೆ, ಬೇಲಿಯ ಪಕ್ಕದ ಹುಲ್ಲಿನಲ್ಲಿ ಒಂದು ಕಣ್ಣಿನ ಕಂದು ಸಿಕ್ಕಿತು, ಹೆಣ್ಣು. ಕುಂಡದಲ್ಲಿ ಹುಲ್ಲು ನೆಟ್ಟು, ಪರದೆ ಮುಚ್ಚಿ, ಒಳಗೆ ಬಿಟ್ಟೆವು. ಮೂರು ದಿನದಲ್ಲಿ ಇಪ್ಪತ್ತನಾಲ್ಕು ಮೊಟ್ಟೆ ಇಟ್ಟಿತು. ಹನ್ನೆರಡು ಒಂದು ಗಾಜಿನ ಭರಣಿಗೆ, ಹನ್ನೆರಡು ಇನ್ನೊಂದಕ್ಕೆ. ಒಂದು ನನ್ನ ವಿಭಾಗದ ಆವಿ ಗೋಡೆಯ ಪಕ್ಕ, ವರ್ಷವಿಡೀ ಬೆಚ್ಚಗಿರುವ ಜಾಗ. ಇನ್ನೊಂದು ಅತ್ತೆಯ ಉತ್ತರದ ಕೋಣೆಯಲ್ಲಿ, ಬಿಸಿಲು ತಲೆ ಹಾಕದ ಕಿಟಕಿಯ ಬಳಿ. ಎರಡರ ಬಾಯಿಗೂ ತೆಳುಬಟ್ಟೆ, ಅದರ ಮೇಲೆ ಕೆಂಪು ದಾರ, ಅವಳೊಬ್ಬಳಿಗೇ ಗೊತ್ತಿರುವ ಗಂಟು. ದಿನಾ ಹುಲ್ಲು ಬದಲಾಯಿಸಲು ಅವಳೇ ಬಿಚ್ಚಬೇಕು, ಅವಳೇ ಕಟ್ಟಬೇಕು. ನನ್ನನ್ನು ನಂಬಲಿಲ್ಲ. ನಂಬದಿದ್ದದ್ದು ಒಳ್ಳೆಯದೇ ಆಯಿತು, ಯಾಕೆಂದರೆ ನಾನು ಏನು ಬೇಕಾದರೂ ಮಾಡುವ ಸ್ಥಿತಿಯಲ್ಲಿದ್ದೆ.

ಎರಡು ಕೊಂಬಿನ ಹಸಿರು ಹುಳುಗಳು ಹೊರಬಂದು ಹುಲ್ಲು ಕೊರೆಯತೊಡಗಿದವು. ಕೆಲಸದ ನಡುವೆ ಬಗ್ಗಿ ಅವುಗಳ ಕಿವಿಯಲ್ಲಿ ಹೇಳುತ್ತಿದ್ದೆ: "ನಿಮ್ಮಮ್ಮನ ಹಾಗೆ ಆಗಬೇಡಿ. ದಮ್ಮಯ್ಯ, ಒಂದಾದ್ರೂ ಬೇರೆ ಥರ ಆಗಿ." ಹುಳುಗಳಿಗೆ ಕಿವಿ ಎಲ್ಲಿದೆಯೆಂದು ಗೊತ್ತಿಲ್ಲದ್ದರಿಂದ ಎರಡೂ ತುದಿಗೆ ಹೇಳುತ್ತಿದ್ದೆ.

ಮೂವತ್ತನಾಲ್ಕನೇ ದಿನ ಗಿರಣಿಯ ಭರಣಿಯಲ್ಲಿ ಚಿಟ್ಟೆಗಳು ಬಿಚ್ಚಿಕೊಂಡವು. ನಾಲ್ಕು ಸತ್ತಿದ್ದವು, ಎಂಟು ಬದುಕಿದ್ದವು. ಎಂಟಕ್ಕೆ ಎಂಟೂ ಹಳದಿ ಬಳೆಯ ಕಣ್ಣು ಬಿಟ್ಟುಕೊಂಡು ಅತ್ತೆಯನ್ನೇ ನೋಡುತ್ತಿದ್ದವು. ಅವಳು ನೂಲು ಎಣಿಸುವ ಭೂತಗನ್ನಡಿ ಹಿಡಿದು ಒಂದೊಂದನ್ನೂ ಪರೀಕ್ಷಿಸಿದಳು.

"ನೂಲಿನಂತೆ ಸೀರೆ, ತಾಯಿಯಂತೆ ಮಗಳು! ನಾನೇನು ಹೇಳಿದ್ದೆ?"

ನಾನು ಹೋಗಿ ಆವಿ ಕೋಣೆಯ ಹಿಂದೆ ನಿಂತು ಅತ್ತುಬಿಟ್ಟೆ. ಎಂಟು ಹುಳುಗಳಿಗೆ ಒಂದು ತಿಂಗಳು ಬೇಡಿಕೊಂಡಿದ್ದೆ, ಒಂದಕ್ಕೂ ಮರ್ಯಾದೆ ಇರಲಿಲ್ಲ.

ಮೇಲಿನ ಮನೆಯ ಭರಣಿ ಮಾತ್ರ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಚಳಿಗೆ ಹುಳುಗಳು ನಿಧಾನವಾಗಿ ತಿಂದು, ನಿಧಾನವಾಗಿ ಬೆಳೆದು, ನಿಧಾನವಾಗಿ ಗೂಡಾದವು. ಅತ್ತೆಗೆ ಆತುರವಿರಲಿಲ್ಲ. ಫಲಕಕ್ಕೆ ಹೊಸ ಬರಹ ಹೇಗಿರಬೇಕೆಂದು ಕಾಗದದಲ್ಲಿ ಬರೆದಿಟ್ಟಿದ್ದಳು. ಐವತ್ತೆರಡನೇ ದಿನ, ಬೆಳಗ್ಗೆ, ಮೋಟರಿನ ಸಮಯವಲ್ಲದ ಸಮಯದಲ್ಲಿ ಕೊಳವೆ ಬಡಿಯಿತು. ಒಂದಲ್ಲ, ಎರಡಲ್ಲ, ಲೆಕ್ಕವಿಲ್ಲದಷ್ಟು. ಅಮ್ಮ ಸ್ವಿಚ್ಚು ಹಾಕುವುದೋ ಬಿಡುವುದೋ ತಿಳಿಯದೆ ನಿಂತಳು. ನಾನು ಮೆಟ್ಟಿಲು ಹತ್ತಿ ಓಡಿದೆ.

ಭರಣಿಯಲ್ಲಿ ಒಂದು ಚಿಟ್ಟೆ ರೆಕ್ಕೆ ಮಡಚಿ ಕೂತಿತ್ತು. ಕಣ್ಣಿಲ್ಲ, ಬಳೆಯಿಲ್ಲ. ಒಣಗಿದ ಎಲೆ.

"ಧೂಳು" ಅಂದಳು ಅತ್ತೆ.

ಮಧ್ಯಾಹ್ನದ ಹೊತ್ತಿಗೆ ಮೂರಾದವು. ಅತ್ತೆ ಮತ್ತೆ ಧೂಳು ಅನ್ನಲಿಲ್ಲ. ಮಾರನೆಯ ದಿನ ಒಂಬತ್ತು. ಒಂಬತ್ತೂ ಕುರುಡು. ಕಣ್ಣಿದ್ದ ತಾಯಿಯ ಮೊಟ್ಟೆ, ಅವಳದೇ ಎಣಿಕೆ, ಅವಳದೇ ಕೋಣೆ, ಅವಳದೇ ಗಂಟು. ಬೈಯಲು ಒಬ್ಬರೂ ಉಳಿದಿರಲಿಲ್ಲ. ಅವಳು ಭೂತಗನ್ನಡಿ ಕೆಳಗಿಟ್ಟು, "ಅಚ್ಚೇ" ಅಂದಳು. "ಒಂದೇ ಅಚ್ಚು. ಬೆಚ್ಚಗಿದ್ರೆ ಹಂಗೆ, ಚಳೀಲಿದ್ರೆ ಹಿಂಗೆ."

ನಾನು ಕಾದೆ. ಅವಳು ಮಾಡಿದ್ದು ಇಷ್ಟು. ರಿಜಿಸ್ಟರು ತೆಗೆದು ನಲವತ್ತೆರಡನೇ ಪುಟಕ್ಕೆ ಅಡ್ಡಗೀಟು ಎಳೆದಳು. ಎಂಬತ್ತಾರನ್ನು ಎಂಬತ್ತೈದು ಮಾಡಿದಳು. ಮೇಷ್ಟ್ರ ಮನೆಗೆ ನಡೆದುಹೋಗಿ, "ತಪ್ಪು ನಂದು" ಅಂತ ಹೇಳಿದ್ದಲ್ಲದೆ ಬರೆದೂ ಕೊಟ್ಟು ಬಂದಳು. ಮನೆಗೆ ಬಂದು, ಭಾರ ಇಳಿದವಳ ಹಾಗೆ, ತನಗೂ ನನಗೂ ಚಹಾ ಮಾಡಿದಳು. ನಾನು ಲೋಟ ಮುಟ್ಟಲಿಲ್ಲ.

"ಅಷ್ಟೇನಾ?"

"ಇನ್ನೇನು?"

"ಕಟ್ಟಿದ ಕೈಯೇ ಬಿಚ್ಚಬೇಕು ಅಂತೀಯಲ್ಲ ಗಿರಣೀಲಿ. ನನಗೆ ಕಟ್ಟಿದ ದಾರ ಹಂಗೇ ಇದೆ ಅತ್ತೆ."

"ನಿನಗೆ ಯಾವ ದಾರ?"

ನಾಟಕ ಅಂದುಕೊಂಡೆ. ಅವಳ ಮುಖ ನೋಡಿದೆ. ನಾಟಕವಾಗಿರಲಿಲ್ಲ. ಅವಳಿಗೆ ನೆನಪೇ ಇರಲಿಲ್ಲ.

"ಮತ್ತೆ ಅಮ್ಮ ಯಾಕೆ ಮಾತು ಬಿಟ್ಟಿದ್ದಾಳೆ ಅಂದ್ಕೊಂಡಿದ್ದೀಯ?"

"ಹೊಲಿಗೆ ಯಂತ್ರಕ್ಕಲ್ವಾ?" ಅಂದಳು ಅತ್ತೆ. "ನಿಮ್ಮಜ್ಜಿ ಯಂತ್ರ ನಾನು ಮೇಲೆ ತಂದಿಟ್ಕೊಂಡೆ ಅಂತ. ಅದಕ್ಕೇ ಎರಡು ಸಲ ಕಳಿಸಿದೆ. ಎರಡು ಸಲಾನೂ ನಿಮ್ಮಮ್ಮ ವಾಪಸ್ಸು ಕಳಿಸಿದ್ಲು. ಇಷ್ಟು ಹಟ ಇರಬಾರದು ಅಂತ ನಾನೂ ಸುಮ್ಮನಾದೆ."

ಹತ್ತೊಂಬತ್ತು ವರ್ಷ! ನಾನು ಬೆರಳು ಕಟ್ಟಿಕೊಂಡಿದ್ದೇನು, ಅಮ್ಮ ಹಲ್ಲು ಕಚ್ಚಿದ್ದೇನು, ಇವಳು ಮೇಲೆ ಕೂತು ಒಂದು ತುಕ್ಕು ಹಿಡಿದ ಯಂತ್ರವನ್ನು ಕ್ಷಮಿಸುತ್ತಿದ್ದಳು. ತೊಟ್ಟಿಲಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಪೆನ್ಸಿಲ್ಲಿನ ಹುಬ್ಬನ್ನೂ ಹೇಳಿದೆ.

"ಹಂಗಂದ್ನಾ ನಾನು?"

"ಅಂದೆ."

ಅತ್ತೆ ನನ್ನ ಬಲಗೈ ಎಳೆದುಕೊಂಡು ಕಿರುಬೆರಳನ್ನು ನೋಡಿದಳು. ಭೂತಗನ್ನಡಿ ತೆಗೆದುಕೊಳ್ಳಲಿಲ್ಲ. ತುಂಬ ಹೊತ್ತು ಹಿಡಿದುಕೊಂಡೇ ಇದ್ದಳು. ಆಮೇಲೆ, "ಚಹಾ ಆರಿಹೋಯ್ತು, ಬಿಸಿ ಮಾಡ್ತೀನಿ" ಅಂದು ಎದ್ದು ಹೋದಳು.

ಭಾನುವಾರ ಬೆಳಗ್ಗೆ ಅಮ್ಮ ನೆಲದ ಮೇಲೆ ಕೂತು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು, ನಾನೂ ಜೊತೆಗಿದ್ದೆ. ಅಣ್ಣ ತಿಂಡಿ ತಿನ್ನುತ್ತಿದ್ದ, ಅಪ್ಪ ಪತ್ರಿಕೆಯ ಹಿಂದಿದ್ದ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಅತ್ತೆ ಬಾಗಿಲಲ್ಲಿ ನಿಂತಳು, ಎರಡು ಕೈಯಲ್ಲಿ ಎರಡು ಭರಣಿ. ಒಂದರಲ್ಲಿ ಕಣ್ಣಿನ ಕಂದು, ಸತ್ತು ಒಣಗಿದ್ದು. ಇನ್ನೊಂದರಲ್ಲಿ ಕುರುಡು ಕಂದು, ಬದುಕಿದ್ದದ್ದು. ಅಮ್ಮ ತಲೆ ಎತ್ತಲಿಲ್ಲ. ಅತ್ತೆ ಬಂದು ಭರಣಿಗಳನ್ನು ಹುರುಳಿಕಾಯಿಯ ಮೊರದ ಪಕ್ಕ ಇಟ್ಟು ಕೂತಳು.

"ಎರಡೂ ಒಂದೇ ತಾಯಿದು" ಅಂದಳು. "ನಾನೇ ಎಣಿಸಿದ್ದು. ನಾನೇ ಗಂಟು ಹಾಕಿದ್ದು. ಬೇರೆ ಅಚ್ಚು ಅಂದಿದ್ದೆ. ತಪ್ಪು."

ಅಮ್ಮ ಎರಡು ಕಾಯಿಯ ನಾರು ತೆಗೆದಳು. ಅಣ್ಣನ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಕೊನೆಗೆ ಅಮ್ಮ ಭರಣಿಗಳ ಕಡೆ ನೋಡಿ ಕೇಳಿದಳು.

"ಇದರಲ್ಲಿ ನನ್ನ ಮಗಳು ಯಾವುದು?"

ಅತ್ತೆ ಕುರುಡು ಕಂದಿನ ಭರಣಿಯನ್ನು ಮುಂದಕ್ಕೆ ಸರಿಸಿದಳು. "ಚಳೀಲಿ ಬೆಳೆದದ್ದು."

"ಚಳಿ ಯಾರದು?"

ಅಪ್ಪನ ಪತ್ರಿಕೆ ಕೆಳಗಿಳಿಯಿತು. ಅತ್ತೆ ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು.

"ನಂದು" ಅಂದಳು.

ನನಗೆ ಅಳು ಬಂತು. ಹುರುಳಿಕಾಯಿಯ ನಾರು ಕಣ್ಣಿಗೆ ಹೋಯಿತು ಅಂತ ಅಣ್ಣನಿಗೆ ಹೇಳಿದೆ, ಅವನು ನಂಬಿದ. ಅಮ್ಮ ಕ್ಷಮಿಸಿದೆ ಅನ್ನಲಿಲ್ಲ. "ಅದನ್ನ ಬಿಡಿ, ಉಸಿರು ಕಟ್ಟುತ್ತೆ" ಅಂದಳು. ಯಾರಿಗೆ ಹೇಳಿದಳೆಂದು ಗೊತ್ತಾಗಲಿಲ್ಲ. ಅತ್ತೆ ತಾನು ಕಟ್ಟಿದ ಕೆಂಪು ದಾರದ ಗಂಟನ್ನು ಉಗುರಿನಿಂದ ಬಿಡಿಸತೊಡಗಿದಳು. ಗಂಟು ಬಿಗಿಯಾಗಿದ್ದುದರಿಂದ ತಡವಾಯಿತು. ನಾವೆಲ್ಲ ಕಾದೆವು, ಯಾರೂ ಕತ್ತರಿ ಕೊಡಲಿಲ್ಲ.

ಸೋಮವಾರ ಬೆಳಗ್ಗೆ ಎಂದಿನಂತೆ ಅಮ್ಮ ಮೋಟರು ಹಾಕಿದಳು. ಎಂದಿನ ಹೊತ್ತಿಗೆ ಕೊಳವೆಯ ಮೇಲೆ ಎರಡು ಏಟು ಬಿತ್ತು. ಅಮ್ಮ ಸ್ವಿಚ್ಚಿನ ಹತ್ತಿರ ಹೋದಳು, ಆರಿಸಲಿಲ್ಲ. ಹಿತ್ತಲಿಗೆ ಬಂದು ಮೇಲಿನ ಕಿಟಕಿಯ ಕಡೆ ಮುಖ ಮಾಡಿ ಕೂಗಿದಳು.

"ಬಾಯಿ ಇದೆಯಲ್ಲ, ಬಾಯಿಬಿಟ್ಟು ಹೇಳೋಕಾಗಲ್ವಾ?"

ತೊಟ್ಟಿ ಉಕ್ಕಿ ನೀರು ಗೋಡೆಯ ಮೇಲೆ ಇಳಿಯತೊಡಗಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಚೆಲ್ಲಿದ ನೀರು. ಮೇಲೆ ಚಮಚ ಕೆಳಗಿಟ್ಟ ಸದ್ದಾಯಿತು. ಆಮೇಲೆ ಕಿಟಕಿಯಿಂದ ದನಿ ಬಂತು.

"ತುಂಬ್ತು, ಅತ್ತಿಗೆ."